ಬೇಲಿಗೆ ಬೀಗದ ಕೈ ಕೊಡಬಹುದೇ?

ನಮ್ಮ ಮಧುಗಿರಿ ಕಡೆ ಸಂಘ ಕಟ್ಟುವುದು ಸಲೀಸು. ರಶೀದಿ ಪುಸ್ತಕ ಅಚ್ಚಾಗುವ ಮೊದಲೇ ಅಧ್ಯಕ್ಷರು ಸಿಕ್ಕಿರುತ್ತಾರೆ, ಗೌರವಾಧ್ಯಕ್ಷರಂತೂ ಕರೆಯದೆಯೇ ಬಂದು ಕೂತಿರುತ್ತಾರೆ. ಫ್ಲೆಕ್ಸಿನಲ್ಲಿ ಯಾರ ಮುಖ ಎಷ್ಟು ದೊಡ್ಡದಿರಬೇಕು ಅನ್ನುವುದೊಂದೇ ಜಗಳ. ಆದರೆ ಖಜಾಂಚಿ ಯಾರು ಎಂದ ಕೂಡಲೇ ಸಭೆ ತಣ್ಣಗಾಗುತ್ತದೆ. ಬೇಡ ಅನ್ನುವವನ ಮೇಲೆ ಎಲ್ಲರಿಗೂ ನಂಬಿಕೆ, ಬೇಕು ಅನ್ನುವವನ ಮೇಲೆ ಎಲ್ಲರಿಗೂ ಗುಮಾನಿ.

ಈ ಸಲ ಕಡ್ಲೇಕಾಯಿ ಕಿತ್ತು ಮುಗಿದ ಮೇಲೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸಬೇಕೆಂದು ಊರ ಹುಡುಗರು ಹೊರಟಿದ್ದಾರೆ. ಶಿರಾ, ಕೊರಟಗೆರೆ, ಪಾವಗಡದಿಂದೆಲ್ಲ ತಂಡ ಕರೆಸುತ್ತಾರಂತೆ. ಖಜಾಂಚಿಯ ಪ್ರಶ್ನೆ ಅವರಲ್ಲಿ ಬಗೆಹರಿಯದೆ ಪಕ್ಕದ ಮನೆ ಗೌಡರ ಹತ್ತಿರ ಬಂತು. ಗೌಡರು ತಮ್ಮ ತಲೆಯ ಮೇಲೆ ಯಾವ ಭಾರವನ್ನೂ ಜಾಸ್ತಿ ಹೊತ್ತು ಇಟ್ಟುಕೊಳ್ಳುವವರಲ್ಲ. ಬೇಲಿಯ ಮೇಲಿಂದ ಅದನ್ನು ಈಚೆಗೆ ದಾಟಿಸಿದರು.

"ಮೇಷ್ಟ್ರೇ, ಆ ರೈಡ್ ಓಗ್ತಾನಲ್ಲ, ತಲೆಕೂದ್ಲು ಕೆಂಪು ಮಾಡ್ಕಂಡಿರೋನು, ಅವುನ್ನೇ ಮಾಡ್ಬುಡಾಣ ಅಂತಾರೆ ಹುಡುಗ್ರು. ನೀವೇನಂತೀರಿ?"

"ಎಡಗಡೆ ಮೂಲೆಯಲ್ಲಿ ನಿಂತು ಕಾಲು ಹಿಡಿಯುವ ಹುಡುಗ ಇದ್ದಾನಲ್ಲ, ಅವನು ಆಗಬಹುದು ಗೌಡ್ರೇ."

"ಯಾರು, ಆ ಕಾರ್ನರ್ ಹುಡುಗನಾ? ಅವುನ್ ಹೆಸ್ರೇ ಬಾಯಿಗೆ ಬತ್ತಿಲ್ಲ ನೋಡ್ರಿ ನಂಗೆ."

"ಅದಕ್ಕೇ ಅವನಾಗಲಿ ಅಂದದ್ದು."

ಗೌಡರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಈ ನೋಟಕ್ಕೆ ವಿವರಣೆ ಕೊಡದೆ ಬಿಡುಗಡೆಯಿಲ್ಲ. ನಾನು ಶುರು ಮಾಡಿದೆ. ಆಟ ಯಾವುದೇ ಇರಲಿ, ಕಾಯುವವನಿಗೂ ನುಗ್ಗುವವನಿಗೂ ಸಿಗುವ ಬೆಲೆ ಒಂದೇ ಅಲ್ಲ. 2022ರ ಪ್ರೊ ಕಬಡ್ಡಿ ಹರಾಜಿನಲ್ಲಿ ರೈಡರ್ ಪವನ್ ಸೆಹ್ರಾವತ್‌ಗೆ 2.26 ಕೋಟಿ ರೂಪಾಯಿ ಬಂತು. ಹಿಡಿಯುವುದರಲ್ಲಿ ಹುಲಿ ಅನ್ನಿಸಿಕೊಂಡ ಇರಾನಿನ ಫಜಲ್ ಅತ್ರಾಚಲಿಗೆ ಅದೇ ಹರಾಜಿನಲ್ಲಿ ಬಂದದ್ದು 1.38 ಕೋಟಿ.

"ಅದೇನು ಕಮ್ಮಿಯಾ? ನಮ್ ಹುಣಸೆ ತೋಪು ಬುಡ್ಡೆಸಮೇತ ಮಾರಿದ್ರೂ ಅದ್ರಲ್ಲಿ ಕಾಲು ಭಾಗ ಬರಾಕಿಲ್ಲ!"

ಕಡಿಮೆ ಅಂತಲ್ಲ. ಒಬ್ಬ ಒಳನುಗ್ಗಿ ಮುಟ್ಟಿ ಬಂದರೆ ಜನ ಎದ್ದು ನಿಲ್ಲುತ್ತಾರೆ. ಇನ್ನೊಬ್ಬ ಆಟವಿಡೀ ಯಾರನ್ನೂ ಒಳಗೆ ಬಿಡದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಕಡ್ಲೇಕಾಯಿ ಹೊಲದ ಬೇಲಿ ಇದೆಯಲ್ಲ, ಅದರ ಬಗ್ಗೆ ನೀವು ಮಾತಾಡುವುದು ಯಾವತ್ತು, ಕಾಡುಹಂದಿ ನುಗ್ಗಿದ ಮಾರನೆಯ ಬೆಳಗ್ಗೆ ತಾನೇ?

"ಬೇಲಿ ಸುದ್ದಿ ತಗೀಬ್ಯಾಡ್ರಿ. ನಮ್ ಭಾವಮೈದ ಪಾವಗಡದ ತಿರುಮಣಿ ಕಡೆಯೋನು. ಅಲ್ಲಿ 13,000 ಎಕರೆ ಸೋಲಾರ್‌ಗೆ ಓಯ್ತು. ವರ್ಸಕ್ಕೆ ಎಕರೆಗೆ 21,000 ಗುತ್ತಿಗೆ ಅಂತ ಸುರುವಾಗಿದ್ದು. ಈಗ ಅವುನ್ ಬೇಲಿ ಒಳಗೆ ಅಂದೀನೂ ಇಲ್ಲ, ಕಡ್ಲೇಕಾಯೀನೂ ಇಲ್ಲ. ಬರೀ ಗಾಜು."

ಹರಟೆಗೆ ಒಮ್ಮೆ ಪಾವಗಡದ ಬಿಸಿಲು ತಾಗಿದರೆ ಅದನ್ನು ನೆರಳಿಗೆ ಎಳೆದು ತರುವುದು ಕಷ್ಟ. ಹೇಗೋ ಆಟದ ಕಡೆಗೆ ತಿರುಗಿಸಿದೆ. ಗೌಡರ ಮೊಮ್ಮಗ ಜಗುಲಿಯ ಮೇಲೆ ಕೂತು ಮೊಬೈಲಿನಲ್ಲಿ ಹಳೆಯ ಫುಟ್‌ಬಾಲ್ ಗೋಲುಗಳನ್ನು ನೋಡುತ್ತಿದ್ದ. ಅದರಲ್ಲೊಂದು ನನಗೆ ಬೇಕಾದದ್ದೇ ಆಗಿತ್ತು. 2002ರ ಮಾರ್ಚ್ 2, ನ್ಯೂಕ್ಯಾಸಲ್ ಅಂಗಳ. ಆರ್ಸೆನಲ್ ತಂಡದ ಡೆನಿಸ್ ಬರ್ಗ್‌ಕಾಂಪ್ ಗೋಲಿಗೆ ಬೆನ್ನು ಮಾಡಿ ನಿಂತಿದ್ದಾನೆ. ಬಂದ ಚೆಂಡನ್ನು ಕಾಲ ತುದಿಯಲ್ಲಿ ಒಂದು ಕಡೆಯಿಂದ ದಾಟಿಸಿ, ತಾನು ಇನ್ನೊಂದು ಕಡೆಯಿಂದ ಸುತ್ತಿ ಹೋಗಿ ಗೋಲು ಹೊಡೆಯುತ್ತಾನೆ. ಇಪ್ಪತ್ತು ವರ್ಷ ದಾಟಿದರೂ ಜನ ಅದನ್ನು ಬಾಯಿ ಬಿಟ್ಟು ನೋಡುತ್ತಾರೆ.

"ಸರಿ, ಆ ಮಧ್ಯ ನಿಂತವ್ನಲ್ಲ, ಅವುನ್ಯಾರು? ಪಾಪ, ಗಾಳಿಗೆ ತಿರುಗ್‌ದಂಗೆ ತಿರುಗ್‌ಬುಟ್ಟ!"

ನೋಡಿ, ಅದೇ ಪ್ರಶ್ನೆ. ಅವನು ಗ್ರೀಸ್ ದೇಶದ ನಿಕೋಸ್ ದಬಿಜಾಸ್, ಹಿಂದೆ ನಿಂತು ಕಾಯುವ ಆಟಗಾರ. ತನ್ನ ದೇಶಕ್ಕಾಗಿ 70 ಪಂದ್ಯ ಆಡಿದವನು. ಈ ಗೋಲಿಗೆ ಆರು ದಿನ ಮೊದಲು, ಫೆಬ್ರವರಿ 24ರಂದು, ನ್ಯೂಕ್ಯಾಸಲ್‌ನ ಹುಟ್ಟುವೈರಿ ಸಂಡರ್‌ಲ್ಯಾಂಡ್ ಮೇಲೆ ಪಂದ್ಯದ ಒಂದೇ ಒಂದು ಗೋಲನ್ನು ತಲೆಯಿಂದ ಹೊಡೆದು ಗೆಲ್ಲಿಸಿದವನೂ ಅವನೇ. ಅದನ್ನು ಆ ಊರಿನವರು ಮಾತ್ರ ನೆನೆಯುತ್ತಾರೆ. ಲೋಕಕ್ಕೆಲ್ಲ ಗೊತ್ತಿರುವುದು ಅವನು ಏಮಾರಿದ ಒಂದು ಕ್ಷಣ. 2004ರಲ್ಲಿ ಗ್ರೀಸ್ ಯಾರೂ ಊಹಿಸದಂತೆ ಯುರೋಪಿನ ಕಪ್ ಗೆದ್ದಿತು. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ 1–0ಯಲ್ಲೇ ಮುಗಿಸಿತು. ಒಂದು ಗೋಲು ಹೊಡೆಯುವುದು, ಉಳಿದ ಹೊತ್ತೆಲ್ಲ ಬಾಗಿಲು ಕಾಯುವುದು. ಇಂಥ ಕಾಯುವವರ ತಂಡದಲ್ಲಿ ಹೆಸರಿದ್ದೂ ದಬಿಜಾಸ್ ಫೈನಲ್ ದಿನ ಅಂಗಳಕ್ಕೆ ಇಳಿಯಲಿಲ್ಲ.

"ಅಂಗಾದ್ರೆ ಅಣೆಬರ ಸರಿಯಿಲ್ಲ ಬುಡ್ರಿ ಅವುಂದು."

ಕತೆ ಅಲ್ಲಿಗೆ ಮುಗಿಯುವುದಿಲ್ಲ. ಊರಿಗೆ ಮರಳಿ ಲಾರಿಸಾ ಎಂಬ ಕ್ಲಬ್ಬಿಗೆ ಆಡಿದ. 2007ರಲ್ಲಿ ಆ ಕ್ಲಬ್ಬು ಗ್ರೀಕ್ ಕಪ್ ಗೆದ್ದಿತು. ಸೋಲಿಸಿದ್ದು ಪನಥಿನೈಕೋಸ್ ಎಂಬ ಅಥೆನ್ಸಿನ ದೊಡ್ಡ ಮನೆತನದ ಕ್ಲಬ್ಬನ್ನು. ಬೂಟು ಬಿಚ್ಚಿಟ್ಟ ಮೇಲೆ ಅದೇ ಪನಥಿನೈಕೋಸ್ ಅವನನ್ನು ಕರೆದು ತಾಂತ್ರಿಕ ನಿರ್ದೇಶಕನ ಕುರ್ಚಿ ಕೊಟ್ಟಿತು. ಯಾವ ಆಟಗಾರನನ್ನು ತರಬೇಕು, ಯಾರನ್ನು ಬಿಡಬೇಕು, ಇರುವ ಕಾಸಿನಲ್ಲಿ ತಂಡ ಹೇಗೆ ಕಟ್ಟಬೇಕು, ಎಲ್ಲ ಅವನ ತಲೆಗೆ. ಸೋತವರೇ ಕರೆದು ಕೂರಿಸಿದರೆಂದರೆ ಅವನ ಕಾವಲಿನ ರುಚಿ ಅವರಿಗೆ ತಟ್ಟಿತ್ತು ಅಂತ ತಾನೇ?

ಗೌಡರಿಗೆ ಗ್ರೀಸ್ ಬಹಳ ದೂರವಾಯಿತು. "ನಮ್ ಕಡೆ ಅಂಥೋರು ಯಾರವ್ರೆ, ಯೋಳ್ರಿ" ಅಂದರು.

"ರಾಹುಲ್ ದ್ರಾವಿಡ್. ದಬಿಜಾಸ್ ಹುಟ್ಟಿದ 1973ರಲ್ಲೇ ಹುಟ್ಟಿದವರು. ಹುಟ್ಟಿದ್ದು ಇಂದೋರಿನಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ."

ದ್ರಾವಿಡ್ ಹೆಸರು ಎತ್ತಿದ್ದೇ ತಡ, ಗೌಡರು ಕಟ್ಟೆ ಒಡೆದ ಕೆರೆಯಾದರು. ಅವರ ಹತ್ತಿರ ಒಂದು ಹಳೆಯ ತಕರಾರು ಇದೆ. ದ್ರಾವಿಡರಿಗೆ ಅದು ತಲುಪಿಲ್ಲ, ಆದರೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ತಲುಪಿದೆ. "ಮುಲ್ತಾನ್‌ನಲ್ಲಿ ಸಚಿನ್ನು 194 ಒಡ್ದವ್ನೆ. ಇನ್ನ ಆರು ರನ್ನು. ಆರೇ ಆರು! ಡಿಕ್ಲೇರ್ ಅಂತ ಕರೆದ್ಬುಟ್ಟರಲ್ಲ, ಎಂಗೆ ಮನಸ್ಸು ಬಂತು ಮೇಷ್ಟ್ರೇ?"

ಅದು 2004ರ ಮಾರ್ಚ್. ಗಂಗೂಲಿ ಇಲ್ಲದ ಪಂದ್ಯ, ದ್ರಾವಿಡ್ ಹಂಗಾಮಿ ನಾಯಕ. ಗೌಡರು ಮರೆಯುವುದು ಏನೆಂದರೆ, ಆ ಪಂದ್ಯವನ್ನು ನಾವು ಇನಿಂಗ್ಸ್ ಮತ್ತು 52 ರನ್‌ಗಳಿಂದ ಗೆದ್ದೆವು. ಪಾಕಿಸ್ತಾನದ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಹೊತ್ತು ನೋಡಿ ಬಾಗಿಲು ಮುಚ್ಚಬೇಕಾದವನು ಒಳಗೆ ಯಾರಿದ್ದಾರೆ, ಅವರ ಹೆಸರೇನು ಅಂತ ನೋಡುತ್ತ ಕೂರಲಾಗದು. ಜನರ ಕೈಲಿ ಬೈಸಿಕೊಳ್ಳುವ ತೀರ್ಮಾನ ತೆಗೆದುಕೊಂಡು ಅದಕ್ಕೆ ಹೆಗಲು ಕೊಡುವವನಿಗೇ ಕುರ್ಚಿ ಒಪ್ಪುವುದು.

"ಗೆದ್ದಿದ್ದು ಸರಿ. ಆದ್ರೂ ಆರು ರನ್ನು…"

ಆ ಆರು ರನ್ನನ್ನು ಅಲ್ಲೇ ಬಿಟ್ಟು ಮುಂದೆ ಹೋದೆ. ಗೋಡೆ ಅನ್ನುವ ಬಿರುದು ಬರುವಂತೆ ಆಡಿದರಲ್ಲ, ಲೆಕ್ಕ ಕೇಳಿ. 164 ಟೆಸ್ಟ್, 13,288 ರನ್. ಇದಕ್ಕಿಂತ ದೊಡ್ಡ ಲೆಕ್ಕ ಇನ್ನೊಂದಿದೆ: ಟೆಸ್ಟ್‌ನಲ್ಲಿ ಅವರು ಎದುರಿಸಿದ್ದು 31,258 ಎಸೆತ. ಅಷ್ಟು ಚೆಂಡುಗಳಿಗೆ ಎದೆ ಕೊಟ್ಟವರು ಬೇರೆ ಯಾರೂ ಇಲ್ಲ. 2001ರ ಕೋಲ್ಕತ್ತಾದಲ್ಲಿ ಲಕ್ಷ್ಮಣ್ ಜೊತೆ 376 ರನ್ ಕೂಡಿಸಿ ನಾಲ್ಕನೆಯ ದಿನವಿಡೀ ವಿಕೆಟ್ ಬೀಳದಂತೆ ನೋಡಿಕೊಂಡರು. ನಾವು ಅದನ್ನು ಲಕ್ಷ್ಮಣರ 281 ಎಂದು ನೆನೆಯುತ್ತೇವೆ. ದ್ರಾವಿಡರ 180 ಎಷ್ಟು ಜನಕ್ಕೆ ತಟ್ಟನೆ ಹೊಳೆಯುತ್ತದೆ? ತಂಡಕ್ಕೆ ಇನ್ನೊಬ್ಬ ಬ್ಯಾಟುಗಾರ ಬೇಕೆಂದಾಗ 2003ರ ವಿಶ್ವಕಪ್ಪಿನಲ್ಲಿ ಗ್ಲೌಸ್ ತೊಟ್ಟು ವಿಕೆಟ್ ಹಿಂದೆಯೂ ನಿಂತರು. ಅದೇ ವರ್ಷ ಡಿಸೆಂಬರಿನಲ್ಲಿ ಅಡಿಲೇಡ್‌ನಲ್ಲಿ 233, ಆಮೇಲೆ ಔಟಾಗದೆ 72. ಗೆಲುವಿನ ರನ್ ಹೊಡೆದವರೂ ಅವರೇ. ಇಂಥ ಗೋಡೆಯನ್ನೂ ಟೆಸ್ಟ್‌ನಲ್ಲಿ 50ಕ್ಕೂ ಹೆಚ್ಚು ಸಲ ಬೌಲ್ಡ್ ಮಾಡಿದ್ದಾರೆ ಗೌಡ್ರೇ. ಹೆಚ್ಚು ಹೊತ್ತು ಕಾವಲು ನಿಂತವನ ಕಡೆಯಿಂದಲೇ ಕಳ್ಳನೂ ಹೆಚ್ಚು ಸಲ ನುಗ್ಗಿರುತ್ತಾನೆ.

"ನಂಗೊಂದು ಗ್ಯಾಪ್ಕ ಐತೆ. ಸಿಡ್ನಿನಲ್ಲಿ 18 ರನ್ನಿಗೆ ನಿಂತ್ಕಂಡು ಒಂದ್ ರನ್ನೂ ತಗೀದೆ…"

"40 ಎಸೆತ. 2008ರ ಜನವರಿ. ಕೊನೆಗೆ ಒಂದು ರನ್ ಓಡಿದಾಗ ಇಡೀ ಮೈದಾನ ಚಪ್ಪಾಳೆ ತಟ್ಟಿತು. ಅವರೂ ನಗುತ್ತಾ ಬ್ಯಾಟ್ ಎತ್ತಿ ತೋರಿಸಿದರು."

"ನಾನಂತೂ ಟಿವಿ ಆಫ್ ಮಾಡಿ ಅಸ ಕಟ್ಟಾಕೆ ಓದೆ."

ಈ ಮಾತಿಗೆ ಗೌಡರಮ್ಮ ಒಳಗಿನಿಂದಲೇ ಉತ್ತರ ಕೊಟ್ಟರು: "ಅವತ್ತೊಂದ್ ದಿನ ನೀವು ಅಸ ಕಟ್ಟಿದ್ದು. ಅದ್ಕೂ ದ್ರಾವಿಡ್ಡೇ ಬೇಕಾಯ್ತು."

ನಗು ಮುಗಿದ ಮೇಲೆ ಗೌಡರು ಅಸಲು ವಿಷಯ ಎತ್ತಿದರು. ಆಡುವುದು ಬೇರೆ, ಆಡಿಸುವುದು ಬೇರೆ, ಪೆಟ್ಟಿಗೆ ಹಿಡಿಯುವುದು ಇನ್ನೂ ಬೇರೆ. ನಿಜವೇ. ನಮ್ಮ ರಾಜ್ಯದಲ್ಲಿ ಆಡಿ ಬಂದವರು ಕುರ್ಚಿ ಹಿಡಿದದ್ದು ಹೊಸದಲ್ಲ. ಬ್ರಿಜೇಶ್ ಪಟೇಲ್ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು. 2010ರಲ್ಲಿ ಕುಂಬ್ಳೆ ಅಧ್ಯಕ್ಷರಾದರೆ ಶ್ರೀನಾಥ್ ಕಾರ್ಯದರ್ಶಿ. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ತೆಗೆದ ರೋಜರ್ ಬಿನ್ನಿ 2022ರಲ್ಲಿ ಇಡೀ ದೇಶದ ಮಂಡಳಿಗೇ ಅಧ್ಯಕ್ಷರಾದರು. ಇವರೆಲ್ಲ ಮತ ಕೇಳಿಯೋ ಆಯ್ಕೆಯಾಗಿಯೋ ಕುರ್ಚಿಗೆ ಬಂದವರು. ದ್ರಾವಿಡ್ ಹೋದದ್ದು ಹಿತ್ತಲ ಕಡೆಗೆ, ಇನ್ನೂ ಮೀಸೆ ಬಾರದ ಹುಡುಗರ ತಂಡಕ್ಕೆ. 19 ವರ್ಷದೊಳಗಿನವರು, ಭಾರತ 'ಎ' ತಂಡ, 2019ರ ಜುಲೈನಿಂದ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರ ಹುದ್ದೆ. ಟಿವಿಯವರು ಅಪರೂಪಕ್ಕೆ ಬಂದು ಹೋಗುವ ಜಾಗಗಳು.

ಅಲ್ಲಿ ಮಾಡಿದ್ದೇನು ಅಂದರೆ, ಕಾಯುವವನ ಬುದ್ಧಿಯನ್ನು ಕಾಯಿದೆಯಾಗಿ ಮಾಡಿದರು. ಒಬ್ಬ ಹುಡುಗ 19 ವರ್ಷದೊಳಗಿನವರ ವಿಶ್ವಕಪ್ ಒಂದೇ ಸಲ ಆಡಬೇಕು ಎಂದು ಸಲಹೆ ಕೊಟ್ಟರು, ಮಂಡಳಿ 2016ರಲ್ಲಿ ಅದನ್ನು ಒಪ್ಪಿತು. ಆಡಿದವನೇ ಮತ್ತೆ ಆಡಿದರೆ ಕಾದು ಕೂತವನಿಗೆ ಬಾಗಿಲು ತೆರೆಯುವುದು ಯಾವಾಗ? 'ಎ' ತಂಡದ ಜೊತೆ ಪ್ರವಾಸಕ್ಕೆ ಕರೆದುಕೊಂಡು ಹೋದವರೆಲ್ಲರಿಗೂ ಒಂದಾದರೂ ಪಂದ್ಯ ಸಿಗಬೇಕು ಅನ್ನುವುದು ಇನ್ನೊಂದು ಪಟ್ಟು. ಬರೀ ಬ್ಯಾಗು ಹೊತ್ತು ಪ್ರವಾಸ ಮುಗಿಸಿ ಬರುವ ನೋವು ಚಿಕ್ಕಂದಿನಲ್ಲಿ ತಮಗೂ ಗೊತ್ತಿತ್ತು ಅಂತ ಅವರೇ ಹೇಳಿಕೊಂಡಿದ್ದಾರೆ.

"ಇದೆಲ್ಲ ಸರಿ. ದುಡ್ಡಿನ ವಿಷ್ಯ ಯೋಳ್ರಿ. ಖಜಾಂಚಿ ಮಾಡಾಕೆ ಒಂಟಿರೋದು ನಾವು."

ಬಂತಲ್ಲ ದಾರಿಗೆ. 2018ರ ಫೆಬ್ರವರಿ 3, ನ್ಯೂಜಿಲೆಂಡಿನಲ್ಲಿ ನಮ್ಮ ಹುಡುಗರು ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಮಂಡಳಿ ಬಹುಮಾನ ಸಾರಿತು: ಕೋಚ್ ದ್ರಾವಿಡರಿಗೆ 50 ಲಕ್ಷ, ಜೊತೆಯಲ್ಲಿ ದುಡಿದ ಸಿಬ್ಬಂದಿಗೆ ತಲಾ 20 ಲಕ್ಷ. ದ್ರಾವಿಡ್ ಒಪ್ಪಲಿಲ್ಲ. ಎಲ್ಲರೂ ಒಟ್ಟಿಗೆ ದುಡಿದದ್ದು, ಈ ಭೇದ ಬೇಡ ಅಂದರು. ಕೊನೆಗೆ ಅವರಿಗೂ 25, ಉಳಿದವರಿಗೂ ತಲಾ 25 ಆಯಿತು. ತನ್ನ ಪಾಲಿನ ಅರ್ಧ ಕಡಿಮೆಯಾಯಿತು, ಪಕ್ಕದಲ್ಲಿದ್ದವರಿಗೆ ಐದೈದು ಲಕ್ಷ ಜಾಸ್ತಿ ಬಂತು.

ಆರು ವರ್ಷ ಬಿಟ್ಟು ಮತ್ತೆ ಅದೇ ಕತೆ. 2024ರ ಜೂನ್ 29, ಬಾರ್ಬಡೋಸ್. ಟಿ20 ವಿಶ್ವಕಪ್ ಗೆದ್ದ ತಂಡಕ್ಕೆ 125 ಕೋಟಿ ರೂಪಾಯಿ ಬಹುಮಾನ. ಮುಖ್ಯ ಕೋಚ್ ದ್ರಾವಿಡರಿಗೆ 5 ಕೋಟಿ, ಬ್ಯಾಟಿಂಗ್, ಬೌಲಿಂಗ್, ಫೀಲ್ಡಿಂಗ್ ಕಲಿಸಿದವರಿಗೆ ಎರಡೂವರೆ ಕೋಟಿ ಅಂತ ಲೆಕ್ಕ. ತನಗೂ ಎರಡೂವರೆಯೇ ಸಾಕು ಅಂದರಂತೆ. 2021ರಲ್ಲಿ ಕಾನ್ಪುರದ ಟೆಸ್ಟ್ ಡ್ರಾ ಆಗಿ ಗೆಲುವು ಕೈತಪ್ಪಿದ್ದರೂ, ಪಿಚ್ ಪ್ರಾಮಾಣಿಕವಾಗಿ ಸಿದ್ಧ ಮಾಡಿದ್ದೀರಿ ಅಂತ ಮೈದಾನದ ಕೆಲಸಗಾರರಿಗೆ 35,000 ರೂಪಾಯಿ ಕೊಟ್ಟು ಬಂದರು.

ಗೌಡರು ಈಗ ಸ್ವಲ್ಪ ಮೆತ್ತಗಾದರು. ಆದರೂ ಸೋಲೊಪ್ಪುವ ಜಾತಿಯಲ್ಲ. "ಮೃದು ಮನುಸ್ಯ ಅಂತೀರಿ. ಕುರ್ಚಿ ಮ್ಯಾಲೆ ಕುಂತೋನು ಆಗಲ್ಲ ಅಂತ ಮಕದ ಮ್ಯಾಲೆ ಯೋಳ್ಬೇಕಾಗ್ತದೆ. ಅದು ಎಂಗೆ?"

ಅದಕ್ಕೂ ಉದಾಹರಣೆ ಇದೆ. 2022ರಲ್ಲಿ ವಿಕೆಟ್ ಕೀಪರ್ ವೃದ್ಧಿಮಾನ್ ಸಹಾ ಪತ್ರಿಕೆಯವರ ಮುಂದೆ, ಇನ್ನು ತಂಡಕ್ಕೆ ತೆಗೆದುಕೊಳ್ಳುವುದಿಲ್ಲ, ನಿವೃತ್ತಿಯ ಬಗ್ಗೆ ಯೋಚಿಸು ಅಂತ ದ್ರಾವಿಡ್ ಹೇಳಿದರು ಅಂದುಬಿಟ್ಟರು. ಒಳಗಿನ ಮಾತು ಬೀದಿಗೆ ಬಂತು. ಬೇರೆಯವರಾಗಿದ್ದರೆ ಹಾಗೆ ಹೇಳಲೇ ಇಲ್ಲ ಎನ್ನುತ್ತಿದ್ದರು. ದ್ರಾವಿಡ್ ಅಲ್ಲಗಳೆಯಲಿಲ್ಲ. ನನಗೇನೂ ಬೇಸರವಿಲ್ಲ, ಸಹಾ ನಿಜವನ್ನು ನೇರವಾಗಿ ಕೇಳಬೇಕಾದ ಆಟಗಾರ, ಪತ್ರಿಕೆಯಲ್ಲಿ ಓದಿ ತಿಳಿದುಕೊಳ್ಳಬಾರದು ಅನ್ನುವ ಅರ್ಥದಲ್ಲಿ ಮಾತಾಡಿದರು. ಕಹಿ ಔಷಧಿಯನ್ನು ಕೈಯಾರೆ ಕೊಟ್ಟು, ಕೊಟ್ಟವನು ನಾನೇ ಅನ್ನುವುದಕ್ಕೂ ಧೈರ್ಯ ಬೇಕು.

ಸೋಲೂ ಇವೆ, ಮುಚ್ಚಿಡುವುದೇಕೆ. 2007ರಲ್ಲಿ ಅವರ ನಾಯಕತ್ವದ ತಂಡ ವೆಸ್ಟ್ ಇಂಡೀಸ್‌ನ ವಿಶ್ವಕಪ್ಪಿನಲ್ಲಿ ಮೊದಲ ಸುತ್ತಿನಲ್ಲೇ ಮನೆಗೆ ಬಂತು. 2023ರ ನವೆಂಬರ್ 19ರಂದು ಅಹಮದಾಬಾದಿನ ವಿಶ್ವಕಪ್ ಫೈನಲ್ ಕೈ ಬಿಟ್ಟಿತು. 2025ರಲ್ಲಿ ರಾಜಸ್ಥಾನ ರಾಯಲ್ಸ್ ಕೋಚ್ ಆಗಿದ್ದಾಗ ತಂಡ ಒಂಬತ್ತನೆಯ ಸ್ಥಾನಕ್ಕೆ ಜಾರಿತು. ಆ ಋತುವನ್ನು ಅವರು ಕಾಲಿಗೆ ಪಟ್ಟಿ ಕಟ್ಟಿಕೊಂಡು, ಗಾಲಿಕುರ್ಚಿಯಲ್ಲಿ ಕೂತು ನಡೆಸಿದರು. ಗಾಯವಾದದ್ದು ಎಲ್ಲಿ ಗೊತ್ತೇ? ಬೆಂಗಳೂರಿನಲ್ಲಿ ವಿಜಯ ಕ್ರಿಕೆಟ್ ಕ್ಲಬ್ ಪರವಾಗಿ ಕಿರಿಯ ಮಗನ ಜೊತೆ ಲೀಗ್ ಪಂದ್ಯ ಆಡುವಾಗ. 52 ವರ್ಷ ವಯಸ್ಸು! ಏಪ್ರಿಲ್ 28ರಂದು 14 ವರ್ಷದ ಹುಡುಗ ವೈಭವ್ ಸೂರ್ಯವಂಶಿ 35 ಎಸೆತದಲ್ಲಿ ನೂರು ಹೊಡೆದಾಗ ಕಾಲು ನೋವನ್ನೂ ಮರೆತು ಆ ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಗೋಡೆಯೂ ಎದ್ದು ಚಪ್ಪಾಳೆ ತಟ್ಟುತ್ತದೆ, ಹೊಡೆದವನು ಮೊಮ್ಮಗನ ವಯಸ್ಸಿನವನಾದರೆ.

"ಅಂಗಾರೆ ಈಗ ಎಲ್ಲವ್ರೆ?"

ಅದೇ ವರ್ಷ ಆಗಸ್ಟಿನಲ್ಲಿ ಆ ತಂಡದಿಂದ ಬಿಡುಗಡೆಯಾದರು. ಕ್ಲಬ್ಬಿನವರು ಹೇಳಿದ ಪ್ರಕಾರ, ಇನ್ನೂ ವಿಸ್ತಾರವಾದ ಹುದ್ದೆಯೊಂದನ್ನು ಮುಂದಿಟ್ಟಿದ್ದರು, ದ್ರಾವಿಡ್ ಬೇಡ ಅಂದರು. ಬೇಡ ಅನ್ನುವುದು ಅವರಿಗೆ ಹೊಸದಲ್ಲ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡುತ್ತೇನೆ ಅಂದಾಗಲೂ, ಕ್ರೀಡೆಯಲ್ಲಿ ಸಂಶೋಧನೆ ಮಾಡಿಯೇ ಪಡೆಯುತ್ತೇನೆ ಎಂದು ಕಳಿಸಿಕೊಟ್ಟಿದ್ದರು. ನಮ್ಮ ಕಡೆ ಸನ್ಮಾನಕ್ಕೆ ಶಾಲು ತಾವೇ ಕೊಂಡು ತಂದು ಹೊದಿಸಿಕೊಳ್ಳುವವರೂ ಇದ್ದಾರೆ. ಹೆಸರು ಬೇಡ, ಬೇಲಿಗೂ ಕಿವಿ ಇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಗೌಡರು ತಮ್ಮ ಕೊನೆಯ ಬಾಣ ತೆಗೆದರು. ಅದು ಅವರ ಅಪ್ಪನ ಕಾಲದ್ದು, ಈಗಲೂ ಚೂಪಾಗಿದೆ.

"ಎಲ್ಲಾ ಒಪ್ದೆ ಮೇಷ್ಟ್ರೇ. ಕಾಯೋನು ಬೇಲಿ ಅಂದ್ರಿ. ಅದೇ ಬೇಲಿ ಕೈಗೆ ಬೀಗದ ಕೈ ಕೊಟ್ಟು, ಬೇಲೀನೇ ಎದ್ದು ಒಲ ಮೇಯ್ದ್ರೆ?"

ಇದಕ್ಕೆ ಅಡಿಲೇಡೂ ಉತ್ತರವಲ್ಲ, ಅಥೆನ್ಸೂ ಉತ್ತರವಲ್ಲ. ಆಟದಲ್ಲಿ ನಂಬಿಗಸ್ತನಾದವನು ಲೆಕ್ಕದಲ್ಲೂ ನಂಬಿಗಸ್ತನಾಗಬೇಕೆಂಬ ನಿಯಮವೇನೂ ಇಲ್ಲ. ದ್ರಾವಿಡ್ ಒಬ್ಬರನ್ನು ತೋರಿಸಿ ಕಾಯುವವರೆಲ್ಲ ಚಿನ್ನ ಎಂದರೆ ಅದು ಮೇಷ್ಟ್ರ ವಾದವಾಗುತ್ತದೆಯೇ ಹೊರತು ನಿಜವಾಗುವುದಿಲ್ಲ. ನನಗೆ ಗೊತ್ತಿರುವುದು ಇಷ್ಟೇ: ನುಗ್ಗುವವನಿಗೆ ಚಪ್ಪಾಳೆಯ ಅಭ್ಯಾಸವಾಗಿರುತ್ತದೆ, ಅದು ಸಿಗದ ಕೆಲಸ ಬೇಗ ಬೇಸರ ತರಿಸುತ್ತದೆ. ಖಜಾಂಚಿಯ ಕೆಲಸಕ್ಕೆ ಚಪ್ಪಾಳೆ ಇಲ್ಲ. ರಶೀದಿ ಹರಿಯುವುದು, ಲೈಟಿನವನಿಗೆ ಮುಂಗಡ ಕೊಡುವುದು, ಮ್ಯಾಟಿನ ಬಾಡಿಗೆ ಚೌಕಾಸಿ ಮಾಡುವುದು, ಉಳಿದ ಚಿಲ್ಲರೆಯನ್ನು ಉಳಿದ ಚಿಲ್ಲರೆಯಾಗಿಯೇ ಇಡುವುದು. ಎಲ್ಲ ಸರಿಯಾಗಿ ನಡೆದರೆ ಯಾರೂ ಕೇಳುವುದಿಲ್ಲ, ಹತ್ತು ರೂಪಾಯಿ ಹೆಚ್ಚುಕಮ್ಮಿಯಾದರೆ ಊರೆಲ್ಲ ಕೇಳುತ್ತದೆ. ಮೂಲೆಯಲ್ಲಿ ನಿಂತು ಕಾಲು ಹಿಡಿಯುವ ಹುಡುಗ ಇಷ್ಟು ವರ್ಷ ಬದುಕಿರುವುದೇ ಈ ಲೆಕ್ಕಾಚಾರದಲ್ಲಿ. ಅವನಿಗೆ ಇದು ಅರ್ಧ ಗೊತ್ತಿರುವ ಕೆಲಸ. ಉಳಿದರ್ಧ ಅವನ ಗುಣಕ್ಕೆ ಬಿಟ್ಟದ್ದು, ಅದನ್ನು ನೋಡಿಕೊಳ್ಳಬೇಕಾದವರು ನಾವು.

ಹೀಗೆಂದು ಹೇಳಿದೆ. ಗೌಡರು ಎಲೆಯನ್ನು ಮಡಿಚಿ ಬಾಯಿಗಿಟ್ಟುಕೊಂಡು, ಅಗಿದು, ಅವಸರವಿಲ್ಲದೆ ತೀರ್ಪು ಕೊಟ್ಟರು.

"ಸರಿ, ಪೆಟ್ಗೆ ಆ ಕಾರ್ನರ್ ಹುಡುಗನ ಕೈಲೇ ಇರ್ಲಿ. ಒಂದ್ ಷರತ್ತು. ತಿಂಗ್ಳಿಗೊಂದ್ ದಪ ಅರಳಿಕಟ್ಟೆ ಮ್ಯಾಲೆ ಲೆಕ್ಕ ಓದ್ಬೇಕು. ಆ ಲೆಕ್ಕ ನೋಡಾಕೆ ಆ ಕೆಂಪು ತಲೆ ರೈಡರ್‌ನ ಆಕಾಣ. ಒಳಕ್ಕೆ ನುಗ್ಗಿ, ಎಲ್ಲಾ ಮುಟ್ಟಿ ನೋಡಿ, ಸಿಗಾಕ್ಕಣದಂಗೆ ಆಚೆ ಬರಾದು ಅವುನ್ಗೇ ಸೈ."